ಪಂಜರದ ಗಿಳಿ, ತೊಟ್ಟಿಯ ಆಮೆ: ವನ್ಯಜೀವಿಗಳನ್ನು ಮನೆಯಲ್ಲಿ ಸಾಕುವುದರ ಕುರಿತು

ರಾಜ್ಯದ ಹಳೆಯ ಪೇಟೆಗಳಲ್ಲಿ ಮನೆಯ ಜಗಲಿಗೋ ಅಂಗಡಿಯ ಮುಂಗಟ್ಟಿಗೋ ತೂಗುಹಾಕಿದ ಗಿಳಿಯ ಪಂಜರ ಅಪರೂಪದ ನೋಟವೇನಲ್ಲ. ಅದರೊಳಗೆ ಒಂದು ಹಸಿಮೆಣಸಿನಕಾಯಿ, ಒಂದಿಷ್ಟು ನೆನೆಸಿದ ಕಡಲೆ, ಒಂದು ಬಟ್ಟಲು ನೀರು. ಹಕ್ಕಿಯನ್ನು ಇಟ್ಟುಕೊಂಡವರು ಅದಕ್ಕೆ ಹೆಸರಿಟ್ಟು ಕರೆಯುತ್ತಾರೆ, ಮನೆಯ ಮಗುವಿನಂತೆ ಕಾಣುತ್ತಾರೆ. ತಾವು ಮಾಡುತ್ತಿರುವುದು ಮೂರು ವರ್ಷಗಳವರೆಗಿನ ಸೆರೆವಾಸಕ್ಕೆ ಗುರಿಯಾಗಬಹುದಾದ ಅಪರಾಧವೆಂಬುದು ಅವರಲ್ಲಿ ಬಹುಮಂದಿಗೆ ತಿಳಿದಿರುವುದಿಲ್ಲ. ತಿಳಿದವರಲ್ಲಿಯೂ ಕೆಲವರು, ಪ್ರೀತಿಯಿಂದ ಸಾಕುವುದರಲ್ಲಿ ತಪ್ಪೇನಿದೆ ಎಂದು ಕೇಳುತ್ತಾರೆ. ಈ ಪ್ರಶ್ನೆ ಪ್ರಾಮಾಣಿಕವಾದುದು; ಕಾಯಿದೆಯ ಪ್ರಕರಣಗಳನ್ನು ಉಲ್ಲೇಖಿಸುವುದರಿಂದ ಮಾತ್ರ ಅದಕ್ಕೆ ಉತ್ತರ ದೊರೆಯುವುದಿಲ್ಲ. ಆದುದರಿಂದ ಸಾರ್ವಜನಿಕರ ತಿಳಿವಳಿಕೆಗಾಗಿ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಇಲ್ಲಿ ವಿವರಿಸಲಾಗಿದೆ.

ಆಸೆಯ ಮೂಲ

ಕಾಡಿನ ಜೀವಿಯನ್ನು ಹತ್ತಿರವಿಟ್ಟುಕೊಳ್ಳಬೇಕೆಂಬ ಆಸೆ ಇಂದಿನದಲ್ಲ. ಮಧುರೆಯ ಮೀನಾಕ್ಷಿಯ ಕೈಯಲ್ಲಿ ಗಿಳಿಯಿದೆ. ಕಣ್ವಾಶ್ರಮದ ಶಕುಂತಲೆ ತಾಯಿಯಿಲ್ಲದ ಜಿಂಕೆಮರಿಯನ್ನು ಸಾಕಿದಳು. ಭಾಗವತದ ಜಡಭರತನ ಕಥೆಯಂತೂ ಈ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ರಾಜ್ಯವನ್ನೇ ತೊರೆದು ತಪಸ್ಸಿಗೆ ಬಂದ ಭರತನು ಹೊಳೆಯಲ್ಲಿ ತೇಲಿಬಂದ ಜಿಂಕೆಯ ಕೂಸನ್ನು ಕರುಣೆಯಿಂದ ಎತ್ತಿಕೊಂಡು ಸಾಕಿ, ಕೊನೆಗೆ ಅದರ ಮೋಹದಲ್ಲಿಯೇ ಪ್ರಾಣಬಿಟ್ಟು ಮರುಜನ್ಮದಲ್ಲಿ ಜಿಂಕೆಯಾಗಿ ಹುಟ್ಟಿದನು. ಮುಳುಗುತ್ತಿದ್ದ ಮರಿಯನ್ನು ಎತ್ತಿಕೊಂಡದ್ದನ್ನು ಕಥೆ ದೂಷಿಸುವುದಿಲ್ಲ. ಕರುಣೆಯು ಯಾವಾಗ ಮೋಹವಾಗಿ ತಿರುಗಿತು ಎಂಬುದನ್ನಷ್ಟೇ ಅದು ತೋರಿಸುತ್ತದೆ.

ಇದಕ್ಕೆ ಜೀವವಿಜ್ಞಾನದ ವಿವರಣೆಯೂ ಇದೆ. ದುಂಡು ಮುಖ, ದೊಡ್ಡ ಕಣ್ಣು, ಚಿಕ್ಕ ಮೂಗು, ತಡವರಿಸುವ ನಡೆ ಇವು ಮನುಷ್ಯರಲ್ಲಿ ಪೋಷಣೆಯ ಭಾವವನ್ನು ತಾನಾಗಿಯೇ ಎಬ್ಬಿಸುತ್ತವೆ ಎಂದು ಪ್ರಾಣಿವರ್ತನೆಯ ತಜ್ಞ ಕೊನ್ರಾಡ್ ಲೊರೆನ್ಜ್ 1943ರಲ್ಲಿ ಪ್ರತಿಪಾದಿಸಿದರು. ಚಿರತೆಯ ಮರಿ, ಕಾಡುಬೆಕ್ಕಿನ ಮರಿ, ಕಾಡುಪಾಪ ಇವುಗಳನ್ನು ಕಂಡಾಗ ಎತ್ತಿಕೊಳ್ಳಬೇಕೆನಿಸುವುದು ಈ ಕಾರಣದಿಂದ. ಅಂದರೆ ಆ ಭಾವ ಸಹಜವಾದುದೇ. ಆದರೆ ಅದು ಹುಟ್ಟಿರುವುದು ಮನುಷ್ಯನ ಕೂಸಿಗಾಗಿ, ಮತ್ತು ಆ ಮರಿ ಬೆಳೆದು ದೊಡ್ಡದಾಗುವುದನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಇದಕ್ಕೆ ಪ್ರತಿಷ್ಠೆಯ ಹಂಬಲವೂ ಸೇರಿದೆ. ನೆರೆಯವರಲ್ಲಿಲ್ಲದ ಪ್ರಾಣಿ ತಮ್ಮಲ್ಲಿರಬೇಕು, ಅದರ ಚಿತ್ರವನ್ನು ನಾಲ್ಕು ಜನ ಮೊಬೈಲಿನಲ್ಲಿ ನೋಡಬೇಕು ಎಂಬ ಆಸೆಗೆ ಮೇಲಿನ ಕರುಣೆಯ ಸಮರ್ಥನೆಯೂ ಇಲ್ಲ.

ಪಳಗಿದ ಪ್ರಾಣಿ ಬೇರೆ, ಸಾಕುಪ್ರಾಣಿ ಬೇರೆ

ನಾಯಿಯು ಮನುಷ್ಯನ ಜೊತೆ ಬಾಳಲು ತೊಡಗಿ ಹದಿನೈದು ಸಾವಿರ ವರ್ಷಗಳಾದರೂ ಆಗಿವೆ. ಹಸು, ಕುರಿ, ಕೋಳಿಗಳದ್ದೂ ಸಾವಿರಾರು ವರ್ಷಗಳ ಒಡನಾಟ. ಈ ಅವಧಿಯಲ್ಲಿ ಸೌಮ್ಯ ಸ್ವಭಾವದ ಪ್ರಾಣಿಗಳನ್ನೇ ತಲೆಮಾರಿನಿಂದ ತಲೆಮಾರಿಗೆ ಆಯ್ದು ತಳಿ ಬೆಳೆಸಿದ್ದರಿಂದ ಅವುಗಳ ಹುಟ್ಟುಗುಣವೇ ಬದಲಾಗಿದೆ. ಸೋವಿಯತ್ ವಿಜ್ಞಾನಿ ದ್ಮಿತ್ರಿ ಬೆಲ್ಯಾಯೆವ್ ಅವರು ಸೈಬೀರಿಯಾದ ನೊವೊಸಿಬಿರ್ಸ್ಕ್‌ನಲ್ಲಿ 1959ರಲ್ಲಿ ಆರಂಭಿಸಿದ ನರಿಗಳ ಪ್ರಯೋಗ ಇದನ್ನು ಸ್ಪಷ್ಟಪಡಿಸಿತು. ಪ್ರತಿ ತಲೆಮಾರಿನಲ್ಲಿಯೂ ಮನುಷ್ಯರಿಗೆ ಅತಿ ಕಡಿಮೆ ಅಂಜುವ ನರಿಗಳನ್ನು ಮಾತ್ರ ಆಯ್ದು ಮರಿ ಮಾಡಿಸಿದಾಗ, ಕೆಲವು ತಲೆಮಾರುಗಳ ಬಳಿಕ ಬಾಲವಾಡಿಸುತ್ತ ಬಳಿಗೆ ಬರುವ ನರಿಗಳು ಹುಟ್ಟಿದವು.

ಕಾಡಿನಿಂದ ತಂದ ಮರಿಯನ್ನು ಬಾಟಲಿಯ ಹಾಲು ಕುಡಿಸಿ ಬೆಳೆಸಿದಾಗ ಇಂಥ ಬದಲಾವಣೆ ಏನೂ ಆಗುವುದಿಲ್ಲ. ಆ ಒಂದು ಪ್ರಾಣಿ ಆ ಒಬ್ಬ ಮನುಷ್ಯನಿಗೆ ಒಗ್ಗಿಕೊಂಡಿರುತ್ತದೆ, ಅಷ್ಟೇ. ಪ್ರಾಯಕ್ಕೆ ಬಂದ ಮಂಗ ತಾನು ಆಡಿ ಬೆಳೆದ ಮನೆಯ ಮಗುವನ್ನೇ ಕಚ್ಚುವುದು ಕೃತಘ್ನತೆಯಿಂದಲ್ಲ. ಗುಂಪಿನಲ್ಲಿ ತನ್ನ ಸ್ಥಾನಕ್ಕಾಗಿ ಹೋರಾಡುವುದು ಅದರ ಜಾತಿಯ ನಡವಳಿಕೆ. ಆ ಮನೆಯೇ ಅದು ಬಲ್ಲ ಗುಂಪು.

ಗಿಳಿಯು ಪಂಜರವನ್ನು ತಲುಪುವ ದಾರಿ

ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ, ಕೊರಳಿಗೆ ಗುಲಾಬಿ ಬಣ್ಣದ ಪಟ್ಟಿಯುಳ್ಳ ಹಸಿರು ಗಿಳಿ ಮರದ ಪೊಟರೆಯಲ್ಲಿ ಮೊಟ್ಟೆಯಿಡುತ್ತದೆ. ತಾನೇ ಪೊಟರೆ ಕೊರೆಯುವುದು ಕಡಿಮೆ. ಮರಕುಟಿಗ ಕೊರೆದು ಬಿಟ್ಟ ತೂತು, ಹಳೆಯ ಮರದ ಟೊಳ್ಳು, ಸುಳಿ ಸತ್ತ ತೆಂಗಿನ ಕಾಂಡ, ಕಟ್ಟಡದ ಬಿರುಕು ಇವುಗಳನ್ನು ಆಶ್ರಯಿಸುತ್ತದೆ. ಚಳಿಗಾಲ ಮುಗಿಯುವಾಗ ಗೂಡಿನ ಕಾಲ ತೊಡಗುತ್ತದೆ, ಬೇಸಗೆಯ ಹೊತ್ತಿಗೆ ಮರಿಗಳಿರುತ್ತವೆ. ಗಿಳಿ ಹಿಡಿಯುವವರಿಗೆ ಈ ಕಾಲವೂ ಈ ಮರಗಳೂ ಚೆನ್ನಾಗಿ ಗೊತ್ತು. ಮಾತು ಕಲಿಸಬೇಕಾದರೆ ಎಳೆಯ ಮರಿಯೇ ಬೇಕೆಂದು ಕೊಳ್ಳುವವರು ಕೇಳುವುದರಿಂದ, ರೆಕ್ಕೆ ಬಲಿಯುವ ಮೊದಲೇ ಮರಿಗಳನ್ನು ಪೊಟರೆಯಿಂದ ಎಳೆದು ತೆಗೆಯಲಾಗುತ್ತದೆ. ಕೈ ತಲುಪದಿದ್ದರೆ ಪೊಟರೆಯ ಬಾಯಿಯನ್ನು ಕೊಡಲಿಯಿಂದ ಅಗಲ ಮಾಡುತ್ತಾರೆ, ಇಲ್ಲವೇ ಕೊಂಬೆಯನ್ನೇ ಕಡಿಯುತ್ತಾರೆ. ಒಮ್ಮೆ ಹಾಗೆ ಹಾಳಾದ ಪೊಟರೆಗೆ ಮರುವರ್ಷ ಗಿಳಿಯೂ ಬರುವುದಿಲ್ಲ, ಮೈನಾ, ಗೂಬೆಗಳೂ ಬರುವುದಿಲ್ಲ. ಪೊಟರೆಯುಳ್ಳ ಮುದಿಮರಗಳು ಈಗಾಗಲೇ ಕಡಿಮೆಯಾಗಿರುವುದರಿಂದ ಈ ಹಾನಿ ಒಂದು ಗೂಡಿನ ಹಾನಿಗಿಂತ ದೊಡ್ಡದು.

ಬೆಳೆದ ಹಕ್ಕಿಗಳನ್ನು ಬಲೆಯಿಂದಲೂ, ಕಡ್ಡಿಗೆ ಮರದ ಹಾಲಿನ ಅಂಟನ್ನು ಬಳಿದೂ ಹಿಡಿಯುತ್ತಾರೆ. ಹಿಡಿದ ಹಕ್ಕಿಗಳ ರೆಕ್ಕೆಗರಿ ಕತ್ತರಿಸಿ, ಗಾಳಿಯಾಡದ ಬುಟ್ಟಿಗಳಲ್ಲಿ ಒತ್ತೊತ್ತಾಗಿ ತುಂಬಿ, ರಾತ್ರಿಯ ಬಸ್ಸು ರೈಲುಗಳಲ್ಲಿ ಸಾಗಿಸಲಾಗುತ್ತದೆ. ದಾರಿಯಲ್ಲಿ ಸತ್ತವುಗಳ ಲೆಕ್ಕ ಕೊಳ್ಳುವವರ ಕಣ್ಣಿಗೆ ಬೀಳುವುದಿಲ್ಲ. ಒಂದು ಹಕ್ಕಿಯನ್ನು ಕೊಂಡವರು ಒಂದೇ ಹಕ್ಕಿಗೆ ಹಣ ಕೊಟ್ಟಿರುತ್ತಾರೆ. ಬೆಲೆ ತೆತ್ತ ಹಕ್ಕಿಗಳು ಅದಕ್ಕಿಂತ ಹೆಚ್ಚು. ಭಾರತದಲ್ಲಿ ಕಂಡುಬರುವ ಸುಮಾರು 1,300 ಪಕ್ಷಿ ಪ್ರಭೇದಗಳಲ್ಲಿ 450ರಷ್ಟು ವ್ಯಾಪಾರದಲ್ಲಿ ಸಿಕ್ಕಿರುವುದಾಗಿ ವನ್ಯಜೀವಿ ವ್ಯಾಪಾರದ ಮೇಲೆ ನಿಗಾ ಇಡುವ ಟ್ರಾಫಿಕ್ ಸಂಸ್ಥೆಯ ಅಧ್ಯಯನಗಳು ದಾಖಲಿಸಿವೆ. ಹಸಿರು ಗಿಳಿಯಲ್ಲದೆ ಕೆಂಪುತಲೆಯ ಗಿಳಿ, ಬೆಟ್ಟದ ಮೈನಾ, ರಾಟವಾಳಗಳೂ ಇದರಲ್ಲಿ ಸೇರಿವೆ. ಗಿಳಿಶಾಸ್ತ್ರ ಹೇಳುವವರ ಪೆಟ್ಟಿಗೆಯಲ್ಲಿ ಚೀಟಿ ಎತ್ತುವ ಗಿಳಿಯೂ ಇದೇ ದಾರಿಯಿಂದ ಬಂದುದು.

ಇನ್ನು ಪಂಜರದ ಬಾಳು. ಗಿಳಿಗಳು ಗುಂಪಾಗಿ ಮೇಯುತ್ತವೆ, ಸಂಜೆ ನೂರಾರು ಹಕ್ಕಿಗಳು ಒಂದೇ ಮರದಲ್ಲಿ ತಂಗುತ್ತವೆ, ಮೇವಿಗಾಗಿ ದಿನವೂ ಬಹುದೂರ ಹಾರುತ್ತವೆ. ಜೊತೆಯವರ ಕೂಗನ್ನು ಕೇಳಿ ಕಲಿಯುವುದು ಅವುಗಳ ಸ್ವಭಾವ. ಜೊತೆಗೆ ಯಾವ ಗಿಳಿಯೂ ಇಲ್ಲದಾಗ ಮನೆಯವರ ಮಾತನ್ನು ಕಲಿಯುತ್ತದೆ. ಹೆಮ್ಮೆಯಿಂದ ಅತಿಥಿಗಳಿಗೆ ತೋರಿಸುವ ಆ ಮಾತು ವಾಸ್ತವದಲ್ಲಿ ಒಂಟಿತನದ ಫಲ. ರೆಕ್ಕೆ ಬಿಚ್ಚಲಾಗದ ಪಂಜರದಲ್ಲಿ ಎದೆಯ ಸ್ನಾಯುಗಳು ಸೊರಗುತ್ತವೆ. ಕಾಳನ್ನೇ ತಿಂದು ಬೆಳೆದ ಹಕ್ಕಿಗೆ ಎ ಜೀವಸತ್ವದ ಕೊರತೆ ಬರುತ್ತದೆ. ಬೇಸರವು ಮಿತಿಮೀರಿದಾಗ ಹಕ್ಕಿ ತನ್ನ ಗರಿಗಳನ್ನು ತಾನೇ ಕಿತ್ತುಕೊಳ್ಳತೊಡಗುತ್ತದೆ. ಸಾಕಿದ ಗಿಳಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬದುಕಬಲ್ಲದು ಎಂಬುದನ್ನು ನೆನೆದರೆ ಈ ಶಿಕ್ಷೆಯ ಉದ್ದ ತಿಳಿಯುತ್ತದೆ. ಗಿಳಿಗಳ ಹಿಕ್ಕೆಯ ಧೂಳಿನಿಂದ ಮನುಷ್ಯರಿಗೆ ಹರಡುವ ಸಿಟ್ಟಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಯೂ ಉಂಟು.

ನಕ್ಷತ್ರ ಆಮೆ

ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳು ನಕ್ಷತ್ರದಂತೆ ಚಾಚಿರುವ ಈ ನೆಲದ ಆಮೆಯು ಭಾರತದ ವಾಯವ್ಯ ಭಾಗ ಮತ್ತು ಅದಕ್ಕೆ ಹೊಂದಿದ ಪಾಕಿಸ್ತಾನ, ದಕ್ಷಿಣ ಭಾರತದ ಒಣ ಪ್ರದೇಶಗಳು ಹಾಗೂ ಶ್ರೀಲಂಕೆ ಈ ಮೂರು ಕಡೆಗಳಲ್ಲಿ ಮಾತ್ರ ಕಾಣಸಿಗುತ್ತದೆ. ಕರ್ನಾಟಕದ ಕುರುಚಲು ಕಾಡುಗಳೂ ಹುಲ್ಲುಬಯಲುಗಳೂ ಇದರ ನೆಲೆ. ಮೆಲ್ಲನೆ ನಡೆಯುವ, ಶಬ್ದ ಮಾಡದ, ಯಾರನ್ನೂ ಕಚ್ಚದ ಈ ಪ್ರಾಣಿಯನ್ನು ಹಿಡಿಯಲು ಬಲೆಯೂ ಬೇಡ. ಆಮೆ ಮನೆಯಲ್ಲಿದ್ದರೆ ಸಂಪತ್ತು ಬರುತ್ತದೆಂಬ ನಂಬಿಕೆ ಒಂದೆಡೆ, ಹೊರದೇಶಗಳ ಬೇಡಿಕೆ ಇನ್ನೊಂದೆಡೆ ಸೇರಿ ಇದು ಜಗತ್ತಿನಲ್ಲಿ ಅತಿ ಹೆಚ್ಚು ಕಳ್ಳಸಾಗಣೆಯಾಗುವ ಆಮೆಗಳಲ್ಲಿ ಒಂದಾಗಿದೆ. ಭಾರತದ ಒಂದೇ ವ್ಯಾಪಾರ ಕೇಂದ್ರದ ಮೂಲಕ ಒಂದು ವರ್ಷದಲ್ಲಿ ಕನಿಷ್ಠ 55,000 ನಕ್ಷತ್ರ ಆಮೆಗಳನ್ನು ಕಾಡಿನಿಂದ ಹಿಡಿದು ಸಾಗಿಸಲಾಗುತ್ತಿದೆ ಎಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತು. ಸೈಟಿಸ್ ಎಂದು ಕರೆಯಲಾಗುವ, ಅಳಿವಿನ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದದ ಒಂದನೇ ಅನುಬಂಧಕ್ಕೆ 2019ರಲ್ಲಿ ಇದನ್ನು ಸೇರಿಸಿ ವಾಣಿಜ್ಯ ವ್ಯಾಪಾರವನ್ನು ಪೂರ್ಣವಾಗಿ ನಿಷೇಧಿಸಲಾಯಿತು.

ಮನೆಗೆ ತಂದ ಆಮೆಯನ್ನು ಹಲವರು ನೀರಿನ ತೊಟ್ಟಿಯಲ್ಲಿಡುತ್ತಾರೆ. ಇದು ನೆಲದ ಆಮೆ. ಆಳವಾದ ನೀರಿನಲ್ಲಿ ಮುಳುಗಿ ಸಾಯುತ್ತದೆ. ಹುಲ್ಲು, ಎಲೆ, ಉದುರಿದ ಹಣ್ಣು ತಿನ್ನಬೇಕಾದ ಪ್ರಾಣಿಗೆ ಅನ್ನ, ಬ್ರೆಡ್ಡು, ಹಾಲು ಕೊಟ್ಟರೆ ಚಿಪ್ಪು ಸಮವಾಗಿ ಬೆಳೆಯದೆ ಗೋಪುರಗಳಂತೆ ಉಬ್ಬುತ್ತದೆ. ಬಿಸಿಲು ಕಾಣದ ಕೋಣೆಯಲ್ಲಿ ಸುಣ್ಣದಂಶ ಮೈಗೂಡದೆ ಮೂಳೆಗಳು ಮೆದುವಾಗುತ್ತವೆ. ಇವೆಲ್ಲ ತಿಂಗಳುಗಟ್ಟಲೆ ಸದ್ದಿಲ್ಲದೆ ನಡೆಯುತ್ತವೆ. ನಾಯಿಯಾದರೆ ನೋವಿಗೆ ಕುಂಯಿಗುಡುತ್ತದೆ; ಆಮೆಯ ನೋವು ಗೊತ್ತಾಗುವ ಹೊತ್ತಿಗೆ ಚಿಕಿತ್ಸೆಯ ಕಾಲ ಮೀರಿರುತ್ತದೆ. ಆಮೆಗಳ ಮೈಮೇಲಿರಬಹುದಾದ ಸಾಲ್ಮೊನೆಲ್ಲಾ ರೋಗಾಣುಗಳು ಮಕ್ಕಳಿಗೆ ತೀವ್ರ ಭೇದಿ ಉಂಟುಮಾಡುವುದು ಹಿಂದಿನಿಂದಲೂ ತಿಳಿದಿದೆ. ಇದೇ ಕಾರಣಕ್ಕೆ ಅಮೆರಿಕ ಸಂಯುಕ್ತ ಸಂಸ್ಥಾನವು 1975ರಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನು ನಿಷೇಧಿಸಿತು.

ವಶಪಡಿಸಿಕೊಂಡ ಆಮೆಗಳನ್ನು ಕಾಡಿಗೆ ಬಿಟ್ಟರಾಯಿತಲ್ಲ ಎಂದು ಕೇಳುವವರುಂಟು. ಮೂರು ನೆಲೆಗಳ ಆಮೆಗಳಲ್ಲಿ ವಂಶವಾಹಿ ವ್ಯತ್ಯಾಸಗಳಿವೆ. ವ್ಯಾಪಾರಿಗಳ ಚೀಲದಲ್ಲಿ ಎಲ್ಲವೂ ಬೆರೆತುಹೋಗಿರುವುದರಿಂದ ಯಾವುದು ಎಲ್ಲಿಯದೆಂದು ತಿಳಿಯುವುದು ಕಷ್ಟ. ತಪ್ಪಾದ ಕಾಡಿಗೆ ಬಿಟ್ಟರೆ ರೋಗವೂ ತಳಿಯ ಬೆರಕೆಯೂ ಅಲ್ಲಿನವುಗಳಿಗೆ ತಗಲುತ್ತದೆ. ಸಿಂಗಪುರದಲ್ಲಿ ರಕ್ಷಿಸಲಾಗಿದ್ದ 51 ನಕ್ಷತ್ರ ಆಮೆಗಳನ್ನು 2018ರ ನವೆಂಬರಿನಲ್ಲಿ ವಿಮಾನದ ಮೂಲಕ ಕರ್ನಾಟಕಕ್ಕೆ ಮರಳಿ ತರಲಾಯಿತು. ಒಂದು ಚೀಲದಲ್ಲಿ ಕದ್ದೊಯ್ಯಬಹುದಾದ ಪ್ರಾಣಿಯನ್ನು ಹಿಂದಕ್ಕೆ ತರಲು ಎರಡು ದೇಶಗಳ ಸಂಸ್ಥೆಗಳು ಶ್ರಮಿಸಬೇಕಾಯಿತು.

ಕಾಡುಪಾಪ ಮತ್ತು ಹೊರನಾಡಿನ ಪ್ರಾಣಿಗಳು

ಕಾಡುಪಾಪ ಇರುಳಿನ ಪ್ರಾಣಿ. ಅದರ ದೊಡ್ಡ ಕಣ್ಣುಗಳು ಮಂದ ಬೆಳಕಿಗಾಗಿ ರೂಪುಗೊಂಡವು. ಹಗಲಿನ ಕೋಣೆಯ ಬೆಳಕು ಅದಕ್ಕೆ ಹಿಂಸೆ. ಮುಖ್ಯವಾಗಿ ಹುಳುಹುಪ್ಪಟೆ ತಿಂದು ಬದುಕುವ ಇದು ಬಾಳೆಹಣ್ಣು ಹಾಲುಗಳ ಮೇಲೆ ಹೆಚ್ಚು ದಿನ ಉಳಿಯಲಾರದು. ಇದರ ಬಂಧುವಾದ, ಈಶಾನ್ಯ ಭಾರತ ಮತ್ತು ಆಗ್ನೇಯ ಏಷ್ಯಾದ ಇನ್ನೊಂದು ಬಗೆಯ ಕಾಡುಪಾಪಕ್ಕೆ ಕಚಗುಳಿಯಿಟ್ಟಾಗ ಅದು ಖುಷಿಯಿಂದ ಕೈಯೆತ್ತುವಂತೆ ಕಾಣುವ ದೃಶ್ಯಗಳನ್ನು ಬಹಳ ಜನ ನೋಡಿ ಮೆಚ್ಚಿದ್ದಾರೆ. ಮೊಣಕೈಯ ಬಳಿಯ ವಿಷಗ್ರಂಥಿಯನ್ನು ಬಾಯಿಗೆ ತಂದುಕೊಳ್ಳಲು, ಎಂದರೆ ಆತ್ಮರಕ್ಷಣೆಗೆ, ಅದು ಕೈಯೆತ್ತುತ್ತದೆ. ನೋಡುವವರಿಗೆ ನಗುವಾಗಿ ಕಾಣುವುದು ಅದರ ಭಯ.

ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ 2023ರ ಆಗಸ್ಟ್ ತಿಂಗಳಲ್ಲಿ ಬ್ಯಾಂಕಾಕಿನಿಂದ ಬಂದ ಪ್ರಯಾಣಿಕರೊಬ್ಬರ ಪೆಟ್ಟಿಗೆಯಲ್ಲಿ ಹೆಬ್ಬಾವು, ಗೋಸುಂಬೆ, ಆಮೆ, ಮೊಸಳೆ ಜಾತಿಯ ಮರಿಗಳೂ ಸೇರಿದಂತೆ 234 ಜೀವಿಗಳು ಸಿಕ್ಕವು. ಅವುಗಳ ನಡುವೆ ಒಂದು ಕಾಂಗರೂ ಮರಿ ಉಸಿರುಗಟ್ಟಿ ಸತ್ತಿತ್ತು. 2024ರ ಏಪ್ರಿಲ್‌ನಲ್ಲಿ ಅದೇ ನಿಲ್ದಾಣದಲ್ಲಿ ಹತ್ತು ಹಳದಿ ಅನಕೊಂಡಾಗಳು ಪತ್ತೆಯಾದವು. ಕೊಳ್ಳುವವರಿಲ್ಲದಿದ್ದರೆ ತರುವವರೂ ಇರುತ್ತಿರಲಿಲ್ಲ.

ಹೊರನಾಡಿನ ಪ್ರಾಣಿಗಳಿಂದ ಬೇರೊಂದು ತೊಂದರೆಯಿದೆ. ಅಕ್ವೇರಿಯಂ ಅಂಗಡಿಗಳಲ್ಲಿ ನಾಣ್ಯದಷ್ಟು ಗಾತ್ರದಲ್ಲಿ ಮಾರಾಟವಾಗುವ ಅಮೆರಿಕ ಮೂಲದ ಕೆಂಪುಕಿವಿಯ ಆಮೆ ಕೆಲವು ವರ್ಷಗಳಲ್ಲಿ ಊಟದ ತಟ್ಟೆಯಷ್ಟಾಗುತ್ತದೆ. ಬೇಸತ್ತವರು ಅದನ್ನು ಹತ್ತಿರದ ಕೆರೆಗೆ ಬಿಡುತ್ತಾರೆ; ಪುಣ್ಯದ ಕೆಲಸವೆಂದೇ ಭಾವಿಸುತ್ತಾರೆ. ಜಗತ್ತಿನ ನೂರು ಅತಿ ಹಾನಿಕಾರಕ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿರುವ ಈ ಆಮೆ ನಮ್ಮ ಕೆರೆಯ ಆಮೆಗಳ ಆಹಾರವನ್ನೂ ಬಿಸಿಲು ಕಾಯುವ ಜಾಗವನ್ನೂ ಕಸಿದುಕೊಳ್ಳುತ್ತದೆ. ಇದರ ಇನ್ನೊಂದು ಮುಖವೂ ಇದೆ: ಲಂಡನ್ ನಗರದ ಉದ್ಯಾನಗಳಲ್ಲಿ ಇಂದು ಸಾವಿರಾರು ಸಂಖ್ಯೆಯಲ್ಲಿ ಹಾರುತ್ತಿರುವ ಹಸಿರು ಗಿಳಿಗಳು ನಮ್ಮ ಗಿಳಿಯ ಜಾತಿಯವೇ, ಪಂಜರಗಳಿಂದ ತಪ್ಪಿಸಿಕೊಂಡವುಗಳ ಸಂತತಿ.

ಕಾನೂನಿನ ನಿಲುವು

ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ 9ನೇ ಪ್ರಕರಣವು ಅನುಸೂಚಿಯಲ್ಲಿರುವ ಪ್ರಾಣಿಗಳ ಬೇಟೆಯನ್ನು ನಿಷೇಧಿಸುತ್ತದೆ. ಬೇಟೆಯೆಂದರೆ ಕೊಲ್ಲುವುದು ಮಾತ್ರವಲ್ಲ. ಹಿಡಿಯುವುದು, ಬಲೆಯೊಡ್ಡುವುದು, ಹಕ್ಕಿಯ ಮೊಟ್ಟೆ ಅಥವಾ ಗೂಡಿಗೆ ಹಾನಿ ಮಾಡುವುದೂ ಬೇಟೆಯೇ. 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ರೂಪದಲ್ಲಿ ಕಾಯಿದೆಗೆ ನಾಲ್ಕು ಅನುಸೂಚಿಗಳಿವೆ. ನಕ್ಷತ್ರ ಆಮೆ, ಕಾಡುಪಾಪಗಳು ಮೊದಲನೆಯದರಲ್ಲಿಯೂ ಹಸಿರು ಗಿಳಿ ಎರಡನೆಯದರಲ್ಲಿಯೂ ಇವೆ. ಮೊದಲನೇ ಅನುಸೂಚಿಯ ಪ್ರಾಣಿಗಳಿಗೆ ಸಂಬಂಧಿಸಿದ ಅಪರಾಧಕ್ಕೆ ಮೂರರಿಂದ ಏಳು ವರ್ಷಗಳ ಸೆರೆವಾಸ ಮತ್ತು 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಉಳಿದವುಗಳಿಗೆ ಸಾಮಾನ್ಯವಾಗಿ ಮೂರು ವರ್ಷಗಳವರೆಗಿನ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡೂ.

ತಾವು ಹಿಡಿದಿಲ್ಲ, ಹಣ ಕೊಟ್ಟು ಕೊಂಡಿದ್ದೇವೆ ಎಂಬ ಮಾತು ಸಮರ್ಥನೆಯಾಗದು. ಮನೆಯಲ್ಲಿಯೇ ಹುಟ್ಟಿದ ಮರಿ ಎಂಬುದೂ ಆಗದು. ಸೆರೆಯಲ್ಲಿ ಹುಟ್ಟಿದ ಪ್ರಾಣಿಯೂ ಕಾಯಿದೆಯ ವ್ಯಾಪ್ತಿಗೆ ಬರುತ್ತದೆ, ಮತ್ತು 39ನೇ ಪ್ರಕರಣದಂತೆ ಅಂಥ ಪ್ರಾಣಿ ಸರ್ಕಾರದ ಸ್ವತ್ತು. ಹಿಂದಿನಿಂದ ಇಟ್ಟುಕೊಂಡಿದ್ದವರು ಘೋಷಿಸಿಕೊಳ್ಳಲು 2003ರಲ್ಲಿ 180 ದಿನಗಳ ಅವಕಾಶ ನೀಡಲಾಗಿತ್ತು. ಆ ಅವಧಿ ಎಂದೋ ಮುಗಿದಿದೆ. ಆಫ್ರಿಕದ ಬೂದು ಗಿಳಿಯಂಥ, ನಾಲ್ಕನೇ ಅನುಸೂಚಿಯಲ್ಲಿರುವ ಹೊರದೇಶದ ಜೀವಿಗಳನ್ನು ಇಟ್ಟುಕೊಂಡವರು 2024ರ ನಿಯಮಗಳಂತೆ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಕೈಬದಲಾವಣೆ, ಜನನ, ಮರಣಗಳನ್ನೂ ತಿಳಿಸಬೇಕು. ಸಾಕಲು ಅಡ್ಡಿಯಿಲ್ಲದ ಬಜರಿಗರ್‌ನಂಥ ಹಕ್ಕಿಗಳಿಗೂ ಅಲುಗಾಡಲು ಸಾಕಷ್ಟು ಜಾಗವಿಲ್ಲದ ಪಂಜರ ಪ್ರಾಣಿಹಿಂಸೆ ತಡೆ ಕಾಯಿದೆ, 1960ರ ಪ್ರಕಾರ ಅಪರಾಧವೇ.

ಕೆಲವು ವಾದಗಳು

ಬಿಟ್ಟರೆ ಬದುಕಲಾರದು, ಇಲ್ಲಿ ಹೊತ್ತುಹೊತ್ತಿಗೆ ಊಟ ಸಿಗುತ್ತದೆ ಎಂಬುದು ಸಾಮಾನ್ಯವಾಗಿ ಕೇಳಿಬರುವ ಮಾತು. ಇದರಲ್ಲಿ ಅರ್ಧ ಸತ್ಯವಿದೆ. ವರ್ಷಗಟ್ಟಲೆ ಸೆರೆಯಲ್ಲಿದ್ದ ಹಕ್ಕಿ ನಿಜಕ್ಕೂ ಬದುಕಲಾರದು. ಆದರೆ ಅದನ್ನು ಹಾಗೆ ಮಾಡಿದ್ದು ಸೆರೆಯೇ. ಒಂದು ಪಂಜರ ಖಾಲಿಯಾದಾಗ ಇನ್ನೊಂದು ಮರಿಯನ್ನು ಕೊಳ್ಳುವುದಕ್ಕೆ ಈ ವಾದ ನೆರವಾಗುವುದಿಲ್ಲ. ಪ್ರಾಣಿಯನ್ನು ಹತ್ತಿರದಿಂದ ಕಂಡ ಮಕ್ಕಳಲ್ಲಿ ಪ್ರಕೃತಿಪ್ರೇಮ ಬೆಳೆಯುತ್ತದೆ ಎನ್ನುವುದು ಇನ್ನೂ ಗಂಭೀರವಾದ ಮಾತು. ಆದರೆ ಪಂಜರದ ಗಿಳಿಯಿಂದ ಮಗು ಗಿಳಿಯ ಬಗ್ಗೆ ಕಲಿಯುವುದು ಬಹಳ ಕಡಿಮೆ. ಅದರ ಹಾರಾಟ, ಜಗಳ, ಗೂಡು, ಮರಿಗೆ ಉಣಿಸುವ ಬಗೆ ಯಾವುದೂ ಅಲ್ಲಿಲ್ಲ. ಸಂಜೆ ಐದೂವರೆಗೆ ಊರಿನ ಆಲದ ಮರದ ಕೆಳಗೆ ಕಾಲುಗಂಟೆ ನಿಂತರೆ ಇವುಗಳಲ್ಲಿ ಹಲವನ್ನು ಕಾಣಬಹುದು. ಪಕ್ಷಿಗಳಿಗೆ ಆಕಾಶದಲ್ಲಿ ಹಾರುವ ಹಕ್ಕಿದೆ, ಅವುಗಳನ್ನು ಪಂಜರದಲ್ಲಿಟ್ಟು ವ್ಯಾಪಾರ ಮಾಡುವ ಹಕ್ಕು ಮನುಷ್ಯರಿಗಿಲ್ಲ ಎಂಬ ಅಭಿಪ್ರಾಯವನ್ನು ದೆಹಲಿ ಉಚ್ಚ ನ್ಯಾಯಾಲಯ 2015ರ ಆದೇಶವೊಂದರಲ್ಲಿ ವ್ಯಕ್ತಪಡಿಸಿತು.

ಪ್ರಾಣಿಯನ್ನು ನಂಬಿ ಬದುಕುವವರ ಹೊಟ್ಟೆಪಾಡು ನಿಜವಾದ ಪ್ರಶ್ನೆ. ಕರಡಿ ಕುಣಿಸುವ ಖಲಂದರ್ ಸಮುದಾಯದವರ ವಿಷಯದಲ್ಲಿ ಬೇರೆ ವೃತ್ತಿಗೆ ನೆರವು ಒದಗಿಸಿ ಕರಡಿಗಳನ್ನು ಬಿಡಿಸಿಕೊಳ್ಳಲಾಯಿತು. 2009ರ ಡಿಸೆಂಬರಿನಲ್ಲಿ, ಕುಣಿಯುವ ಕರಡಿಗಳಲ್ಲಿ ಕೊನೆಯದೆಂದು ಗುರುತಿಸಲಾದ ಕರಡಿ ಬನ್ನೇರುಘಟ್ಟದ ರಕ್ಷಣಾ ಕೇಂದ್ರವನ್ನು ಸೇರಿತು. ಮೂತಿಗೆ ಹಗ್ಗ ಪೋಣಿಸಿ, ಹಲ್ಲು ಮುರಿದು ಪಳಗಿಸಿದ ಇಂಥ ಕರಡಿಗಳಲ್ಲಿ ಯಾವುದನ್ನೂ ಕಾಡಿಗೆ ಮರಳಿಸಲಾಗಲಿಲ್ಲ.

ಸಾರ್ವಜನಿಕರು ಮಾಡಬಹುದಾದುದು

ಮನೆಯಲ್ಲಿ ಗಿಳಿ, ಆಮೆ ಮುಂತಾದವು ಈಗಾಗಲೇ ಇದ್ದರೆ ಅವುಗಳನ್ನು ಕಿಟಕಿಯಿಂದ ಹಾರಿಸುವುದಾಗಲಿ ಕೆರೆಗೆ, ತೋಟಕ್ಕೆ ಬಿಡುವುದಾಗಲಿ ಕೂಡದು. ರೆಕ್ಕೆಗರಿ ಕತ್ತರಿಸಿದ ಗಿಳಿ ಬೆಕ್ಕಿಗೋ ಕಾಗೆಗೋ ತುತ್ತಾಗುತ್ತದೆ. ಹತ್ತಿರದ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಿಳಿಸಿ ಪ್ರಾಣಿಯನ್ನು ಒಪ್ಪಿಸಬೇಕು. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೂ ಕರೆ ಮಾಡಬಹುದು. ಒಪ್ಪಿಸಿದ ಹಕ್ಕಿಗಳಿಗೆ ಹೊಸ ಗರಿ ಮೂಡುವವರೆಗೆ ಕಾದು, ದೊಡ್ಡ ಆವರಣದಲ್ಲಿ ಹಾರಾಟ ರೂಢಿಸಿ, ತನ್ನ ಜಾತಿಯವುಗಳೊಂದಿಗೆ ಬೆರೆಯುತ್ತದೆಯೇ ಎಂದು ನೋಡಿದ ಮೇಲೆಯೇ ಬಿಡುಗಡೆಯ ತೀರ್ಮಾನವಾಗುತ್ತದೆ. ಮಾಲೀಕತ್ವದ ಪ್ರಮಾಣಪತ್ರ ಹೊಂದಿರುವವರು ಪ್ರಾಣಿಯನ್ನು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಸ್ವಇಚ್ಛೆಯಿಂದ ಒಪ್ಪಿಸಲು ತಿದ್ದುಪಡಿಯಾದ ಕಾಯಿದೆಯಲ್ಲಿ ಅವಕಾಶವಿದೆ. ಅದಕ್ಕೆ ಪರಿಹಾರಧನ ಇರುವುದಿಲ್ಲ.

ಅನಾಥವೆಂದು ಭಾವಿಸಿ ಮರಿಗಳನ್ನು ಮನೆಗೆ ತರುವುದು ಹಳ್ಳಿಗಳಲ್ಲಿ ಆಗಾಗ ನಡೆಯುತ್ತದೆ. ಜಿಂಕೆ ತನ್ನ ಮರಿಯನ್ನು ಹುಲ್ಲಿನಲ್ಲಿ ಅಡಗಿಸಿಟ್ಟು ಮೇಯಲು ಹೋಗುವುದು ಸಹಜ. ಹಾರಲು ಕಲಿಯುತ್ತ ನೆಲಕ್ಕಿಳಿದ ಹಕ್ಕಿಮರಿಯ ತಂದೆತಾಯಿ ಹತ್ತಿರದ ಕೊಂಬೆಯಲ್ಲಿಯೇ ಇರುತ್ತವೆ. ಗಾಯಗೊಂಡಿರದಿದ್ದರೆ ದೂರ ಸರಿದು ನಿಲ್ಲುವುದೇ ಸರಿ. ಕಬ್ಬಿನ ಕಟಾವಿನ ಕಾಲದಲ್ಲಿ ಗದ್ದೆಯೊಳಗೆ ಚಿರತೆಯ ಮರಿಗಳು ಸಿಕ್ಕಾಗ ಅವುಗಳನ್ನು ಮುಟ್ಟದೆ, ಜನ ಸೇರಲು ಬಿಡದೆ, ಕೂಡಲೇ ಇಲಾಖೆಗೆ ತಿಳಿಸಬೇಕು. ಸಿಬ್ಬಂದಿಯು ಮರಿಗಳ ಆರೋಗ್ಯ ಪರೀಕ್ಷಿಸಿ, ಸಿಕ್ಕ ಜಾಗದಲ್ಲಿಯೇ ಸಂಜೆಗೆ ಪೆಟ್ಟಿಗೆಯೊಂದರಲ್ಲಿಟ್ಟು ದೂರದಿಂದ ಕಾಯುತ್ತಾರೆ. ಕತ್ತಲಾದ ಮೇಲೆ ತಾಯಿ ಬಂದು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಹೋಗುತ್ತದೆ. ಮೊದಲ ರಾತ್ರಿ ಬಾರದಿದ್ದರೆ ಮರುದಿನ ಮತ್ತೆ ಇಡಲಾಗುತ್ತದೆ. ಆ ಎರಡು ಮೂರು ರಾತ್ರಿ ಗದ್ದೆಯ ಸುತ್ತ ದೀಪ, ಪಟಾಕಿ, ತಮಟೆಗಳ ಸದ್ದು ಇಲ್ಲದಂತೆ ಗ್ರಾಮಸ್ಥರು ಸಹಕರಿಸಬೇಕಾಗುತ್ತದೆ.